ಎರಡನೆಯ ಬೂಸ್ಟರನಿಗೆ ತೊಂಬತ್ತು ಸೂಜಿ

ಹರಿಹರದ ಮೈದಾನದಲ್ಲಿ ಆ ದಿನ ಬಸಣ್ಣನ ಬೆರಳು ಉಳುಕಿತು. ನಮ್ಮ ದಾವಣಗೆರೆ ಮಿಲ್ಲಿನ ವಾಲಿಬಾಲ್ ತಂಡದಲ್ಲಿ ಅವನೇ ಬೂಸ್ಟರ್. ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು. ನಾನು ಎರಡನೆಯವನು. ಹನ್ನೊಂದು ವರ್ಷದಲ್ಲಿ ನಾಲ್ಕು ಮಿಲ್ಲು, ಕಾರ್ಖಾನೆಗಳ ತಂಡ ಬದಲಾಯಿಸಿದ್ದೆ; ಎಲ್ಲ ಕಡೆಯೂ ಎರಡನೆಯವನೇ. ಆಡಿಸದಿದ್ದರೆ ಬೇಡ, ಕೆಲಸ ಖಾಯಂ ಮಾಡಿ ಎಂದು ಪಟ್ಟು ಹಿಡಿದು, ಬೆಂಚಿನ ಮೇಲೆ ಕೂತೇ ಸಂಸಾರ ಕಟ್ಟಿದವನು ನಾನು.

ಅಂತೂ ಅಂಗಳಕ್ಕಿಳಿದೆ. ಆರೇಳು ಚೆಂಡು ಎತ್ತಿದೆ. ಉಸಿರು ಸಿಕ್ಕಿಕೊಂಡಿತು. ಟವೆಲಿಗೆ ಕೆಮ್ಮಿದೆ.

ಕೆಂಪು.

ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆಟ ಮುಗಿಸಿದೆ. ಕಾಯಿಲೆ ಬಿದ್ದ ಎರಡನೆಯವನನ್ನು ಯಾವ ತಂಡ ಇಟ್ಟುಕೊಳ್ಳುತ್ತದೆ? ಎರಡು ತಿಂಗಳಿಂದ ಕೆಮ್ಮಿತ್ತು. ಹತ್ತಿಯ ಧೂಳೆಂದು ಎಲ್ಲರನ್ನೂ ನಂಬಿಸಿದ್ದೆ. ನೀವು ಹಾಗೆ ಮಾಡಬೇಡಿ. ವಾರಗಟ್ಟಲೆ ನಿಲ್ಲದ ಕೆಮ್ಮಿಗೆ ನೀವೇ ಹೆಸರಿಡಬೇಡಿ.

ಬಟ್ಟೆ ಒಗೆಯುವಾಗ ಹೆಂಡತಿ ಗೌರಮ್ಮ ಆ ಟವೆಲು ಬಿಚ್ಚಿದಳು. ಮರುದಿನವೇ ಆಸ್ಪತ್ರೆ, ಎಕ್ಸ್‌ರೇ. ಟಿ.ಬಿ.

"ತೊಂಬತ್ತು ಇಂಜೆಕ್ಷನ್, ದಿನಕ್ಕೊಂದು. ಜೊತೆಗೆ ಮಾತ್ರೆ. ಆಟ ಬಂದ್," ಅಂದರು ಡಾಕ್ಟರು.

"ಅರವತ್ತಕ್ಕೆ ಮುಗಿಸ್ರಿ ಡಾಕ್ಟ್ರೇ. ಗಟ್ಟಿ ಮೈ ಐತೆ ನಂದು."

"ಇದೇನು ಹತ್ತಿ ಮಂಡಿ ಏನ್ರಿ? ತೊಂಬತ್ತು ಅಂದ್ರೆ ತೊಂಬತ್ತು."

ಹೂಂ ಅಂದೆ. ಮನಸ್ಸಿನಲ್ಲಿ ಅರವತ್ತಕ್ಕೇ ಕುದುರಿಸಿಕೊಂಡಿದ್ದೆ. ನಲವತ್ತೈದಕ್ಕೆ ಕೆಮ್ಮು ನಿಂತಿತು, ಮೈ ತುಂಬಿತು. ವ್ಯಾಪಾರದಲ್ಲಿ ಎದುರಿನವನು ಸುಮ್ಮನಾದರೆ ಸೋತನೆಂದೇ ಲೆಕ್ಕ. ರೋಗವನ್ನೂ ಹಾಗೇ ತಿಳಿದೆ. ಅರವತ್ತಾದದ್ದೇ ಸೂಜಿ ಬಿಟ್ಟು, ಆಸ್ಪತ್ರೆಗೆಂದು ಮನೆಯಲ್ಲಿ ಹೇಳಿ ಮೈದಾನಕ್ಕೆ ಹೋಗತೊಡಗಿದೆ.

ಸೂಜಿ ಬಿಟ್ಟ ಐದನೆಯ ವಾರ ಜ್ವರ. ಮತ್ತೆ ರಕ್ತ.

"ಮತ್ತೆ ಒಂದರಿಂದ," ಅಂದರು ಡಾಕ್ಟರು. ಬೈಯಲಿಲ್ಲ.

ಗೌರಮ್ಮ ಬೈದಳು. "ಬದನೆಕಾಯಿ ಮಾರೋಳ ಹತ್ರ ಎಷ್ಟಾದ್ರೂ ಚೌಕಾಸಿ ಮಾಡ್ರಿ, ಬ್ಯಾಡ ಅನ್ನಲ್ಲ. ಇದರ ಹತ್ರ ಬ್ಯಾಡ. ನಾಳೆಯಿಂದ ನಾನೂ ಬರ್ತೀನಿ."

ನಮ್ಮ ಮನೆಯಿರುವ ಆನೆಕೊಂಡದಿಂದ ಆಸ್ಪತ್ರೆಗೆ ದಿನವೂ ಇಬ್ಬರೂ ನಡೆದು ಹೋಗುತ್ತಿದ್ದೆವು. ಸೂಜಿ ಹೊರಬರುವವರೆಗೆ ಅವಳು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆ. ಮಗಳು ಹೊಸ್ತಿಲಾಚೆ ನಿಂತು ಮಾತಾಡುತ್ತಿದ್ದಳು. ಅದಕ್ಕೆ ಮಾತ್ರ ಕೊನೆಯವರೆಗೂ ಹೊಂದಿಕೊಳ್ಳಲಾಗಲಿಲ್ಲ.

ಒಂದು ಸಂಜೆ ಬಸಣ್ಣ ಬಂದ. ನಾನು ಕೇಳಿದ್ದು ಒಂದೇ: "ನನ್ನ ಜಾಗಕ್ಕೆ ಯಾರನ್ನ ತಗಂಡ್ರಿ?"

"ಯಾರ್ನೂ ಇಲ್ಲ. ಬೆರಳು ಮುರಿದ್ರೂ ನಾನೇ ಆಡ್ತೀನಿ ಅಂತ ಮ್ಯಾನೇಜರ್‌ಗೆ ಹೇಳೀನಿ. ಇಷ್ಟು ವರ್ಷ ಬೆಂಚ್ ಮ್ಯಾಲೆ ಕೂತು ನನ್ನ ಬೆರಳೇ ನೋಡ್ತಿದ್ದಿಯಲ್ಲೋ, ಯಾವಾಗ ಉಳುಕುತ್ತೋ ಅಂತ! ಈಗ ನಾನು ಕಾಯ್ತೀನಿ. ಲಗೂನ ಬಾ ಅನ್ನಲ್ಲ. ಪೂರಾ ಆಗಿ ಬಾ."

ಗೌರಮ್ಮ ಹೇಳುವ ಮೊದಲೇ ಸಂಜೆಯ ಮಾತ್ರೆ ತೆಗೆದು ನುಂಗಿದೆ. ನನ್ನ ಮಟ್ಟಿಗೆ ಅದು ಅಪರೂಪ.

ತೊಂಬತ್ತೂ ಮುಗಿದವು; ಮಾತ್ರೆ ಮಾತ್ರ ಇನ್ನೂ ನಡೆದಿದೆ. ಎಕ್ಸ್‌ರೇಯಲ್ಲಿ ಈಗ ಒಣಗಿದ ಕಲೆ. ಹತ್ತು ನಿಮಿಷ ಚೆಂಡು ಮುಟ್ಟಲು ಒಪ್ಪಿಗೆ ಸಿಕ್ಕಿತು. ಹೋದ ಭಾನುವಾರ ಬಸಣ್ಣ ಎಸೆದ, ನಾನು ಎತ್ತಿದೆ. ಚೆಂಡು ಬೇಕಾದ ಎತ್ತರಕ್ಕೇ ಹೋಯಿತು. ಅವನು ಹೊಡೆಯಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡ.

"ಉಸಿರು?"

"ಐತೆ."

"ಇವತ್ತಿಗೆ ಸಾಕು. ಕೂತ್ಕ."

ಕೂತೆ. ಆರು ತಿಂಗಳ ನಂತರ ಇನ್ನೊಂದು ಎಕ್ಸ್‌ರೇ ಇದೆ. ಅಲ್ಲಿಯವರೆಗೆ ಅಂಚಿನಲ್ಲಿ ಕೂತು ಆಟ ನೋಡಬೇಕು. ಅದೊಂದನ್ನು ನನಗೆ ಯಾರೂ ಕಲಿಸಬೇಕಿಲ್ಲ.