ಮಹಡಿ ಹತ್ತಿದ ಕೆಂದಿ

ತಮಿಳುನಾಡಿನ ತೇನಿಯಿಂದ ಆಂಡಿಪಟ್ಟಿಗೆ ಹೋಗುವ ರಸ್ತೆಯ ಆಚೀಚೆಯ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶವಿದ್ದರೆ ಮೊದಲು ಓಚ್ಚಮ್ಮಾಳ್‌ಗೆ ಹೇಳಿಕಳಿಸುತ್ತಿದ್ದರು. ಹಾಲುಕ್ಕಿಸುವ ಮುಂಚೆ ಹೊಸ ಮನೆಯ ಹೊಸ್ತಿಲನ್ನು ಹಸು ದಾಟಬೇಕು. ಆ ಸುತ್ತಿನಲ್ಲಿ ಹಸು ಉಳಿದಿದ್ದುದು ಅವಳಲ್ಲಿ ಮಾತ್ರ. ಕೆಂದಿ ಎಂಬ ಆ ಕೆಂಪು ಹಸುವನ್ನು ಅವಳ ಗಂಡ ಸಾಯುವ ಮುನ್ನ ಕುಲದೇವರ ಹೆಸರಿಗೆ ಬಿಟ್ಟಿದ್ದ. ಹಾಗೆ ಬಿಟ್ಟದ್ದನ್ನು ಮಾರುವಂತಿಲ್ಲ. ಕೊನೆಯವರೆಗೂ ಅದು ತನ್ನ ಕೊಟ್ಟಿಗೆಯಲ್ಲೇ ಇರಬೇಕೆಂಬುದು ಓಚ್ಚಮ್ಮಾಳ್‌ಗಿದ್ದ ಒಂದೇ ಹಟ.

ಹಟಕ್ಕೆ ಅಡ್ಡ ಬಂದದ್ದು ಮೇವು. ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾಡಿದ ಹೊಸದರಲ್ಲಿ ಅವಳಿಗೆ ಅನುಕೂಲವೇ ಆಗಿತ್ತು. ಕೊಂಡವರು ತಿರುಪ್ಪೂರಿನಲ್ಲೋ ಚೆನ್ನೈಯಲ್ಲೋ ಇದ್ದರು. ಬೆಲೆ ಏರಲೆಂದು ಸೈಟುಗಳನ್ನು ಖಾಲಿ ಬಿಟ್ಟಿದ್ದರು. ಹುಲ್ಲು ಬೆಳೆಯಿತು, ಕೆಂದಿ ಮೇಯಿತು. ವರ್ಷಗಟ್ಟಲೆ ನಿಂತುಹೋಗಿದ್ದ ರೈಲು ಊರಿಗೆ ಮತ್ತೆ ಬಂದ ಮೇಲೆ ಒಬ್ಬೊಬ್ಬರಾಗಿ ಕಟ್ಟತೊಡಗಿದರು. ಕೆಂದಿ ಕಾಲಿಟ್ಟ ಪ್ರತಿ ಮನೆಯೂ ಅದರ ಮೇವಿನ ಒಂದು ತುಂಡನ್ನು ನುಂಗಿಯೇ ಎದ್ದಿತ್ತು. ಓಚ್ಚಮ್ಮಾಳ್‌ಗೆ ಇದು ತಿಳಿಯದ್ದಲ್ಲ. ತಾನು ಹೋಗದಿದ್ದರೆ ಕಟ್ಟುವವರು ನಿಲ್ಲಿಸುತ್ತಾರೆಯೇ?

ಕಟ್ಟುವ ರೀತಿಯೂ ಬದಲಾಯಿತು. ಜಾಗ ದುಬಾರಿಯಾದಂತೆ ಕೆಳಗಿನ ಮನೆ ಬಾಡಿಗೆಗೆ, ಮೇಲಿನದು ಯಜಮಾನರಿಗೆ ಎಂದಾಯಿತು. ಹಸು ಕೆಳಗಿನ ಹೊಸ್ತಿಲು ದಾಟಿದರೆ ಸಾಕೆಂದು ಎಲ್ಲರೂ ಒಪ್ಪಿದ್ದರು. ಒಪ್ಪದವಳು ಮಣಿಮೇಗಲೈ, ಓಚ್ಚಮ್ಮಾಳ ತಮ್ಮ, ತೇವಾರಂನಲ್ಲಿರುವ ರಾಮಸಾಮಿಯ ಮಗಳು. ಅವರ ಮನೆಮಾತು ಕನ್ನಡ.

"ಕೆಳಗೆ ಬಾಡಿಗೆಯವರು ಅತ್ತೆ, ನಾವಿರೋದು ಮೇಲೆ. ಅಸು ಕೆಳಗೇ ಬಂದು ಓದ್ರೆ ಪುಣ್ಯ ಅವರಿಗಾ?"

"ನಿಮ್ಮಪ್ಪನ ಬುದ್ಧಿ ಅಂಗೇ ಬಂದದೆ. ಪುಣ್ಯಕ್ಕೂ ಬೀಗ ಆಕ್ಬೇಕು ನಿಂಗೆ."

"ಬತ್ತದಾ ಇಲ್ವಾ, ಅದೇಳು."

"ಮಲೆ ಏರಿ ಇಳಿದ ಜಾತಿ ಅದು. ನಿನ್ನ ಮೆಟ್ಲು ಯಾವ ದೊಡ್ಡದು?"

ಕೆಂದಿ ಮೆಟ್ಟಿಲು ಹತ್ತಿತು. ಹೊಸ್ತಿಲು ದಾಟಿತು, ಬಾಳೆಹಣ್ಣು ತಿಂದಿತು, ಟೈಲ್ಸ್ ಮೇಲೆ ಸಗಣಿ ಹಾಕಿತು. ನೆಂಟರೆಲ್ಲ ಶುಭವೆಂದರು. ಹಾಲು ಉಕ್ಕಿತು.

ಇಳಿಯುವಾಗ ಅದು ಮೊದಲ ಮೆಟ್ಟಿಲನ್ನು ನೋಡಿ ನಿಂತುಬಿಟ್ಟಿತು. ಹಗ್ಗ ಎಳೆದರೆ ಕತ್ತು ಚಾಚಿತೇ ಹೊರತು ಕಾಲು ಕಿತ್ತಿಡಲಿಲ್ಲ. ಸೈಟು ಕೊಡಿಸಿದ ಬ್ರೋಕರ್ ಮನೋಜ್‌ಕುಮಾರ್ ಅಂಗಿಯ ತೋಳು ಮಡಿಸಿದ. "ಪರವಾಯಿಲ್ಲೆ ಪಾಟಿ, ಇಂದಿಂದ ತಳ್ಳಿದ್ರೆ ಇಳಿದ್ಬಿಡ್ತದೆ" ಎಂದು ಅಜ್ಜಿಗೆ ಧೈರ್ಯ ಹೇಳಿ ಇನ್ನಿಬ್ಬರೊಡನೆ ತಳ್ಳಿದ. ನುಣುಪು ಗ್ರಾನೈಟಿನ ಮೇಲೆ ಗೊರಸು ಜಾರಿತು. ಕೆಂದಿ ಮುಂಗಾಲೂರಿ ಬಿತ್ತು. ಮಂಡಿ ಒಡೆದು, ರಂಗೋಲಿ ಹಾಕಿದ ಮೆಟ್ಟಿಲಿಗೆ ರಕ್ತ ಇಳಿಯಿತು.

"ಕೈ ತೆಗೀರಿ" ಎಂದಳು ಓಚ್ಚಮ್ಮಾಳ್.

ಮಣಿಮೇಗಲೈ ಅಳತೊಡಗಿದಳು.

"ನೀನ್ಯಾಕೆ ಅಳ್ತೀಯ? ಇಳೀತದೆ ಅಂದೋಳು ನಾನು. ಮಲೆ ಇಂಗೆ ಜಾರಲ್ಲ. ಅದು ನಂಗೆ ತೋಚ್ಲಿಲ್ಲ."

ಕೆಳಗೆ ಚಪ್ಪರದಲ್ಲಿ ಊಟ ನಡೆಯಿತು. ಉಂಡವರು ತಾಂಬೂಲದ ಚೀಲ ಹಿಡಿದು, ಒಮ್ಮೆ ಮೇಲೆ ನೋಡಿ ಹೊರಟುಹೋದರು. ಗಾರೆಯವರು ಕಟ್ಟಡಕ್ಕೆ ತಂದು ಮಿಕ್ಕಿದ್ದ ಮರಳನ್ನು ಮೂಟೆ ಕಟ್ಟಿ ಮೆಟ್ಟಿಲ ಮೇಲೆ ಜೋಡಿಸಿ, ಹಲಗೆ ಹಾಸಿ, ಮೇಲೆ ಗೋಣಿ ಹೊದಿಸಿ ಇಳಿಜಾರು ಮಾಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಓಚ್ಚಮ್ಮಾಳ್ ಹಸುವಿಗೆ ಎದುರಾಗಿ, ಇಳಿಜಾರಿನ ಕೆಳಬದಿಗೆ ನಿಂತಳು.

"ಮುಂದೆ ನಿಲ್ಬೇಡ ಅತ್ತೆ, ಬಿದ್ರೆ ನಿನ್ಮೇಲೇ ಬೀಳ್ತದೆ."

"ಬೀಳ್ಲಿ. ನನ್ನ ಮುಖ ಕಾಣ್ದೆ ಅದು ಕಾಲಿಡಲ್ಲ."

ಅವಳು ಹಿಂದೆ ಹಿಂದೆ ಹೆಜ್ಜೆಯಿಟ್ಟಳು. ಹಸು ನಡುಗುತ್ತ ಇಳಿಯಿತು.

ಗಾಯ ಮಾಯಿತು, ಕುಂಟು ಉಳಿಯಿತು. ಹತ್ತಿರ ಹುಲ್ಲಿಲ್ಲ, ಹುಲ್ಲಿದ್ದ ಕೆರೆಯ ಅಂಗಳಕ್ಕೆ ನಡೆಯಲು ಕೆಂದಿಗೆ ಆಗಲಿಲ್ಲ. ಅದರ ಪಕ್ಕೆಯ ಎಲುಬು ಕಾಣತೊಡಗಿದಾಗ ಓಚ್ಚಮ್ಮಾಳ್ ತಮ್ಮನಿಗೆ ಫೋನ್ ಮಾಡಿದಳು. "ಗಾಡಿ ತಕ್ಕೊಂಡು ಬಾ. ನಿಮ್ಮೂರಲ್ಲಿ ದೇವರಿಗೆ ಬಿಟ್ಟಿರೋ ಅಸುಗಳ ಜೊತೆ ಇರ್ಲಿ."

ರಾಮಸಾಮಿ, "ಸಾಯೋವರ್ಗೂ ಇಲ್ಲೇ ಅಂತಿದ್ದೆಲ್ಲಕ್ಕಾ?" ಎಂದ.

"ಅಂತಿದ್ದೆ. ನನ್ನ ಅಟ ತಿಂದ್ರೆ ಅದ್ರ ಒಟ್ಟೆ ತುಂಬಲ್ಲ."

ಗಾಡಿಯಲ್ಲಿ ನಿಂತ ಕೆಂದಿಯ ಹಣೆಗೆ ಅರಿಶಿನ ಹಚ್ಚಿದಳು. ರಸ್ತೆಯವರೆಗೆ ಹೋಗಲಿಲ್ಲ.

ಬಹಳ ದಿನದಿಂದ ಕೊಟ್ಟಿಗೆಯ ಮೇಲೆ ಕಣ್ಣಿಟ್ಟಿದ್ದ ಮನೋಜ್‌ಕುಮಾರ್ ಕೊಳ್ಳುವವರನ್ನು ಕರೆತಂದ. ಅವಳು ಮಾರಲಿಲ್ಲ, ಆ ಜಾಗದಲ್ಲಿ ಬಾಡಿಗೆಗೆಂದು ಎರಡು ಕೋಣೆ ಕಟ್ಟಿಸಿದಳು. ಯುವಶ್ರೀ ಎಂಬ ನರ್ಸು ಗಂಡನೊಡನೆ ಬಂದಳು. ಹಾಲು ಕಾಯಿಸಬೇಕು, ಇಲ್ಲಿ ಹಸು ಸಿಗುತ್ತದೆಯೇ ಎಂದು ತಮಿಳಿನಲ್ಲಿ ಕೇಳಿದಳು. ಈ ಸುತ್ತಿನಲ್ಲಿ ಹಸುವಿಲ್ಲ, ಅಂಗಡಿಯಲ್ಲಿ ಪಾಕೆಟ್ ಹಾಲು ಬರುತ್ತದೆ ಎಂದಳು ಓಚ್ಚಮ್ಮಾಳ್.

ಹುಡುಗಿ ಒಲೆಯನ್ನು ಒಳಗೆ ತಂದು ಹಿಂಗೋಡೆಯ ಮೂಲೆಯಲ್ಲಿ ಇಡಹೋದಳು. ಕೆಂದಿಯನ್ನು ಕಟ್ಟುತ್ತಿದ್ದ ಗೂಟವಿದ್ದದ್ದು ಅಲ್ಲಿ. ಅಲ್ಲಿ ಬೇಡ, ಈಚೆಗಿಡು ಎಂದಳು ಓಚ್ಚಮ್ಮಾಳ್. ಹುಡುಗಿ ಒಲೆಯನ್ನು ಈಚೆಗೆ ಸರಿಸಿ ಪಾಕೆಟ್ ಹಾಲು ಕಾಯಲಿಟ್ಟಳು.