ಕ್ಯಾಪ್ಟನ್ನನಿಗೆ ಕೊಟ್ಟ ಚೆಂಡು

ಕಳೆದ ಶನಿವಾರ ಗ್ಯಾರೇಜಿನ ಮೂಲೆಯಲ್ಲಿ ಸಿಕ್ಕ ಹಳೆಯ ಬ್ಯಾಸ್ಕೆಟ್‌ಬಾಲ್ ನನ್ನ ನೆಮ್ಮದಿ ಕೆಡಿಸಿತು. ಸಿಡ್ನಿಯ ಈ ಕೆಲ್ಲಿವಿಲ್‌ನ ಮನೆಗಳಲ್ಲಿ ಗ್ಯಾರೇಜೆಂದರೆ ಕಾರು ಬಿಟ್ಟು ಉಳಿದದ್ದೆಲ್ಲ ನಿಲ್ಲುವ ಜಾಗ. ನಿಮ್ಮದೂ ಹಾಗೇ ಇರಬೇಕು. ಗಾಳಿ ಇಳಿದ ಚೆಂಡನ್ನು ಮೂಗಿನ ಹತ್ತಿರ ತಂದೆ. ರಬ್ಬರು, ಧೂಳು, ಬೆವರು. ಓದುವ ಕಾಲಕ್ಕಿದ್ದ ಟೂಂಗಾಬಿಯ ಬಾಡಿಗೆ ಮನೆ, ಚೆಂಡಿನ ಯಜಮಾನ ವೀರೇಶ, ಎರಡೂ ಒಟ್ಟಿಗೆ ನೆನಪಾದವು.

ವೀರೇಶ ಧಾರವಾಡದವನು. ಕಾಲೇಜಿನಲ್ಲಿದ್ದಾಗ ಅವನ ಆಟ ನೋಡಲು ಪರೀಕ್ಷೆಯ ಹಿಂದಿನ ದಿನವೂ ಜನ ಸೇರುತ್ತಿದ್ದರಂತೆ. ಹೇಳಿದವನು ಅವನೇ, ಆದ್ದರಿಂದ ಸ್ವಲ್ಪ ಕಳೆದು ಓದಿಕೊಳ್ಳಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಓದಲೆಂದು ಸಿಡ್ನಿಗೆ ಬಂದ ನಾವಿಬ್ಬರೂ ಒಂದೇ ಮನೆಯ ರೆಂಟ್ ಹಂಚಿಕೊಂಡಿದ್ದೆವು. ನಾನು ಅವನಿಗಿಂತ ಮೂರು ವರ್ಷ ದೊಡ್ಡವನು. ಆ ಮೂರು ವರ್ಷದ ಬಲದಲ್ಲೇ ಬೇಕಾದ್ದಕ್ಕೂ ಬೇಡದ್ದಕ್ಕೂ ಬುದ್ಧಿ ಹೇಳುತ್ತಿದ್ದೆ.

ಅವನು ಕೂತಲ್ಲಿ ಕೂರುವ ಪ್ರಾಣಿಯಲ್ಲ. ಕುಕ್ಕರ್ ಮೂರು ಸೀಟಿ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ಬಾಗಿಲಿಗೆ ಇಪ್ಪತ್ತು ಸಲ ಚೆಂಡು ಪುಟಿಸಿಕೊಂಡು ಓಡಾಡುತ್ತಿದ್ದ. "ಒಂದು ಕಡೆ ಕೂತ್ಕೊಳ್ಳೋ ಮಾರಾಯ" ಎಂದರೆ, "ಕುಂತ್ರ ಕಾಲು ಆಟ ಮರೀತಾವ್ರಿ ಅಣ್ಣಾರ" ಎನ್ನುತ್ತಿದ್ದ. ನನ್ನ ಅಸೈನ್‌ಮೆಂಟುಗಳ ತಪ್ಪಿಗೆಲ್ಲ ಆ ಸದ್ದೇ ಕಾರಣವೆಂದು ಇವತ್ತಿಗೂ ನಂಬಿದ್ದೇನೆ.

ಸಿಡ್ನಿಯ ಕ್ಲಬ್ಬಿನಲ್ಲಿ ಅವನ ಆಟ ನೋಡಿ ಮೆಲ್ಬೋರ್ನ್‌ನ ತಂಡವೊಂದು ಒಂದು ಸೀಸನ್ನಿಗೆ ಸಂಬಳ ಕೊಟ್ಟು ಕರೆಸಿಕೊಂಡಿತು. ಚೆನ್ನಾಗಿ ಆಡಿದರೆ ಕಾಂಟ್ರಾಕ್ಟ್ ಮುಂದುವರಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ. ಕೊನೆಯ ಪಂದ್ಯದ ದಿನವೂ ವಿಷಯ ತೀರ್ಮಾನವಾಗಿರಲಿಲ್ಲ. ಬೆಳಿಗ್ಗೆ ಫೋನ್ ಮಾಡಿದ. ಅವನು ಅತ್ತಿಂದಿತ್ತ ನಡೆಯುತ್ತಿದ್ದ ಸದ್ದು ನನಗೆ ಕೇಳಿಸುತ್ತಿತ್ತು. ಆಟದ ಗಂಧಗಾಳಿಯಿಲ್ಲದ ನಾನು ಅಪ್ಪಣೆ ಕೊಡಿಸಿದೆ: "ಕ್ಯಾಪ್ಟನ್ ಸೀನಿಯರ್ ಕಣೋ. ಅವರ ಮುಂದೆ ಹಾರಾಡಬೇಡ. ತಗ್ಗಿ ಬಗ್ಗಿ ಇದ್ರೆ ಕಾಂಟ್ರಾಕ್ಟ್ ತಾನಾಗೇ ಬರುತ್ತೆ."

ಮುಂದಿನದು ಅವನು ಹೇಳಿದ್ದು. ತಂಡ ಒಂದು ಅಂಕ ಹಿಂದಿತ್ತು, ಆಟ ಮುಗಿಯಲು ಕೆಲವೇ ಕ್ಷಣ. ರಿಂಗಿನ ಎದುರು ವೀರೇಶ, ಕೈಯಲ್ಲಿ ಚೆಂಡು, ಅಡ್ಡ ಯಾರೂ ಇಲ್ಲ. ಅವನು ಅದನ್ನು ಕ್ಯಾಪ್ಟನ್ನನಿಗೆ ಪಾಸ್ ಮಾಡಿದ. ಕ್ಯಾಪ್ಟನ್ನನ ಮುಂದೆ ಇಬ್ಬರು ನಿಂತಿದ್ದರು. ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು. ಯಾಕೆಂದು ಕೋಚ್ ಕೇಳಿದಾಗ, ಅವರು ಸೀನಿಯರ್ ಎಂದನಂತೆ. ಅವನ ಕಾಲೇಜಿನಲ್ಲಿ ಅದು ನಡೆದುಬಂದ ಪದ್ಧತಿ: ಸೀನಿಯರ್ ಆಡುತ್ತಿದ್ದರೆ ಕೊನೆಯ ಎಸೆತ ಅವರದು. ಮೆಲ್ಬೋರ್ನ್‌ನ ಕೋಚಿಗೆ ಅದು ಆಟವೂ ಅನ್ನಿಸಲಿಲ್ಲ, ಮರ್ಯಾದೆಯೂ ಅನ್ನಿಸಲಿಲ್ಲ. ಕಾಂಟ್ರಾಕ್ಟ್ ಬರಲಿಲ್ಲ.

ಸಿಡ್ನಿಗೆ ಮರಳಿದ ವೀರೇಶ ನಡೆದದ್ದನ್ನು ಹೇಳಿದನೇ ಹೊರತು ನನ್ನನ್ನು ದೂರಲಿಲ್ಲ. ಅದೇ ಕಷ್ಟವಾಯಿತು. ಪೆಂಡಲ್ ಹಿಲ್‌ನ ಹೋಟೆಲಿನಲ್ಲಿ ದೋಸೆ ತಿನ್ನುವಾಗ ಮೇಜಿನ ಕೆಳಗೆ ಅವನ ಕಾಲು ಕುಣಿಯುತ್ತಿತ್ತು. ಆಮೇಲೆ ಅವನು ಕೋಚ್ ಆದ. ಸಬರ್ಬಿನ ಹೆಣ್ಣುಮಕ್ಕಳ ತಂಡದಿಂದ ಶುರುಮಾಡಿ, ಈಗ ಮೆಲ್ಬೋರ್ನ್‌ನಲ್ಲೇ ಹೆಂಗಸರ ದೊಡ್ಡ ತಂಡವೊಂದಕ್ಕೆ ತರಬೇತಿ ಕೊಡುತ್ತಿದ್ದಾನೆ. ನಾನು ಮಾತ್ರ, ಒಬ್ಬ ಆಟಗಾರನ ಬಾಳು ಕೆಡಿಸಿದವನೆಂಬ ಭಾರವನ್ನು ಮನೆಯಿಂದ ಮನೆಗೆ, ಅವನು ಬಿಟ್ಟುಹೋದ ಈ ಚೆಂಡಿನ ಜೊತೆಗೇ ಸಾಗಿಸಿಕೊಂಡು ಬಂದೆ.

ಶನಿವಾರ ಚೆಂಡು ಕಂಕುಳಲ್ಲಿಟ್ಟುಕೊಂಡೇ ಅವನಿಗೆ ಫೋನ್ ಮಾಡಿದೆ. "ಅವತ್ತು ನಾನು ಹಾಗೆ ಹೇಳಬಾರದಿತ್ತು ಕಣೋ."

ಆ ಕಡೆ ಹೆಜ್ಜೆಯ ಸದ್ದು ನಿಂತಿತು. ಅವನು ನಿಂತದ್ದು ನನಗೆ ಕೇಳಿಸಿದ್ದು ಅದೇ ಮೊದಲು.

"ನಿಮ್ಮ ಮಾತು ಕೇಳಿ ಕೊಟ್ಟಿದ್ದಲ್ರಿ ಅಣ್ಣಾರ. ತಪ್ಪಿದ್ರ ಏನ್ ಗತಿ ಅಂತ ಕೈ ನಡಗಾಕತ್ತಿತ್ತು. ಸೀನಿಯರ್ ಅನ್ನೋದು ಬರೇ ನೆಪ. ಈಗ ನಮ್ಮ ಹುಡುಗ್ಯಾರು ಹಂಗ ಪಾಸ್ ಮಾಡಿದ್ರ, ನಾ ಮೊದಲ ಅವರ ಕೈ ನೋಡ್ತೀನ್ರಿ."

ಹಗುರವಾಗಬೇಕಿತ್ತು, ಆಗಿದ್ದು ನಾಚಿಕೆ. ಆ ಮಾತೆತ್ತಿದರೆ ಅವನಿಗೆ ನೋವಾದೀತೆಂದು ಇಷ್ಟು ವರ್ಷ ಸುಮ್ಮನಿದ್ದೆನಲ್ಲ, ಅದೂ ನೆಪವೇ. ಹೌದು, ಎಲ್ಲ ನಿಮ್ಮಿಂದಲೇ ಆಯಿತು ಎಂದು ಅವನು ಅಂದುಬಿಟ್ಟರೆ ಎಂದು ಹೆದರಿದ್ದವನು ನಾನು.

ಚೆಂಡಿಗೆ ಗಾಳಿ ತುಂಬಿ ಅಂಗಳಕ್ಕೆ ತಂದು ಪುಟಿಸಿದೆ. ಮಗಳಿಗಾಗಿ ಹಾಕಿಸಿದ ರಿಂಗ್ ಅಲ್ಲಿದೆ. ಸದ್ದು ಕೇಳಿ ಹೊರಬಂದ ಅವಳು, "ಪಾಸ್ ಇಟ್, ಡ್ಯಾಡ್" ಎಂದು ಕೈ ಚಾಚಿದಳು. ಅಭ್ಯಾಸಬಲದಿಂದ ಕೊಡಲು ಹೋದವನು ತಡೆದುಕೊಂಡೆ.

"ಇರು, ನಾನೇ ಹಾಕ್ತೀನಿ" ಎಂದೆ.

ಚೆಂಡು ರಿಂಗಿನ ಹತ್ತಿರವೂ ಸುಳಿಯದೆ ಪಕ್ಕದ ಮನೆಯ ಬೇಲಿ ದಾಟಿತು. ಮಗಳನ್ನು ಕಳಿಸದೆ, ತರಲು ನಾನೇ ಹೋದೆ.