ಹೌದು, ಇಲ್ಲ, ಗೊತ್ತಿಲ್ಲ

ನನ್ನ ಕೆಲಸವೇನೆಂದು ಕೇಳಿದವರಿಗೆ ಒಂದೊಂದು ಊರಿನಲ್ಲಿ ಒಂದೊಂದು ಉತ್ತರ ಕೊಡುತ್ತೇನೆ. ಗೌರಿಬಿದನೂರಿನ ಬಸ್ಸಿನಲ್ಲಿ ಸರ್ವೆ ಎನ್ನುತ್ತೇನೆ. ಚಿಂತಾಮಣಿಯ ಹೋಟೆಲಿನಲ್ಲಿ ಆಸ್ಪತ್ರೆ ಎನ್ನುತ್ತೇನೆ. ಹೆಣ್ಣು ನೋಡಲು ಹೋದಾಗ ನನ್ನಮ್ಮ ‘ಸಂಶೋಧನೆ’ ಎಂದು ಹೇಳಿ, ಯಾವುದರ ಮೇಲೆ ಎಂದು ಅವರು ಕೇಳುವ ಮೊದಲೇ ಉಪ್ಪಿಟ್ಟು ಹೊಗಳಲು ಶುರು ಮಾಡುತ್ತಾಳೆ. ವಿಷಯ ಇಷ್ಟೇ: ಮಕ್ಕಳಿಗೆ ಕ್ಯಾನ್ಸರ್ ಯಾಕೆ ಬರುತ್ತದೆ, ಬಂದ ಮಕ್ಕಳಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಎಂಬುದರ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯವರು ಅಧ್ಯಯನ ನಡೆಸುತ್ತಿದ್ದಾರೆ. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಮನೆಮನೆಗೆ ಹೋಗಿ ಫಾರಂ ತುಂಬಿಸುವವನು ನಾನು.

ಫಾರಂ ಎರಡು. ಒಂದು ಕಾರಣದ್ದು. ಯಾವ ನೀರು ಕುಡಿದಿರಿ, ಯಾವ ಔಷಧಿ ಹೊಡೆದಿರಿ ಎಂದು ಉದ್ದಕ್ಕೂ ಪ್ರಶ್ನೆಗಳು. ಪ್ರತಿ ಪ್ರಶ್ನೆಯ ಮುಂದೆ ಹೌದು, ಇಲ್ಲ, ಗೊತ್ತಿಲ್ಲ ಎಂಬ ಮೂರು ಚೌಕ. ಕಾಯಿಲೆ ಬಂದ ಮಕ್ಕಳ ತಾಯಂದಿರನ್ನೂ ಕೇಳಬೇಕು, ಬಾರದ ಮಕ್ಕಳ ತಾಯಂದಿರನ್ನೂ ಕೇಳಬೇಕು. ಎರಡು ರಾಶಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನಾದರೂ ಕಂಡೀತು ಎಂಬುದು ಲೆಕ್ಕ. ಎರಡನೆಯ ಫಾರಂ ಚಿಕ್ಕದು. ತಿಂಗಳಿಗೊಮ್ಮೆ ಫೋನು ಮಾಡಿ ತುಂಬಬೇಕಾದ ಒಂದೇ ಸಾಲು. ಮಗು ಇದೆ, ಇಲ್ಲ, ಸಂಪರ್ಕಕ್ಕೆ ಸಿಗಲಿಲ್ಲ.

ಇಷ್ಟು ಕೆಲಸಕ್ಕೆ ಗಂಭೀರ ಮನುಷ್ಯನೊಬ್ಬ ಬೇಕಿತ್ತು. ಸಿಕ್ಕಿದವನು ನಾನು. ಚಿಕ್ಕಂದಿನಿಂದ ಯಾರ ಗಂಟಲನ್ನಾದರೂ ಎರಡು ನಿಮಿಷದಲ್ಲಿ ಎತ್ತಿಕೊಂಡು ಅವರ ಹಾಗೇ ಮಾತಾಡಿಬಿಡುವ ಚಾಳಿ. ಕಂಡಕ್ಟರು, ಹೆಡ್‌ಮೇಷ್ಟ್ರು, ತೀರಿಕೊಂಡ ನಮ್ಮ ಸೋದರಮಾವನ ಕೆಮ್ಮು. ನನ್ನ ಸ್ವಂತ ದನಿ ಮಾತ್ರ ರೇಷನ್ ಅಂಗಡಿಯ ಅಕ್ಕಿ ಇದ್ದ ಹಾಗೆ. ಯಾರೂ ಬೇಕೆಂದು ಕೇಳಿದ್ದಿಲ್ಲ. ನಮ್ಮ ದೊಡ್ಡ ಡಾಕ್ಟರು ಪ್ರತಿ ಮಾತನ್ನೂ ಮೂಗಿನಿಂದ ಹೊರಗೆ ಬಿಟ್ಟು, ಅದು ನೆಲಕ್ಕೆ ಬಿದ್ದ ಮೇಲೆ ಇನ್ನೊಂದನ್ನು ಬಿಡುವವರು. ಅವರ ದನಿಯಲ್ಲಿ ಪ್ರಶ್ನೆ ಓದಿದರೆ ಮಕ್ಕಳು ನಗುತ್ತಿದ್ದವು, ಅಮ್ಮಂದಿರ ಭಯ ಕಡಿಮೆಯಾಗುತ್ತಿತ್ತು. ಹಾಗೆಂದು ನಾನು ತಿಳಿದುಕೊಂಡಿದ್ದೆ.

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ ರೇಷ್ಮೆ ಸಾಕುವ ಮನೆ. ಆರು ವರ್ಷದ ಹುಡುಗಿಗೆ ರಕ್ತದ ಕ್ಯಾನ್ಸರ್. ಬೆಂಗಳೂರಿನ ದೊಡ್ಡ ಚಿಕಿತ್ಸೆ ಮುಗಿದು, ಉದುರಿದ ಕೂದಲು ಹೊಸದಾಗಿ ಗುಂಗುರು ಗುಂಗುರಾಗಿ ಬಂದಿತ್ತು. ಇನ್ನು ದಿನಾ ಮಾತ್ರೆ, ಒಂದು ವರ್ಷಕ್ಕೂ ಮೇಲೆ. ಅವಳ ತಾಯಿ ಮಾತ್ರೆ ಕೊಟ್ಟ ಪ್ರತಿ ರಾತ್ರಿ ಗೋಡೆಯ ಕ್ಯಾಲೆಂಡರಿನಲ್ಲಿ ಕಾಡಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಯಾವ ದಿನ ಅರ್ಧ, ಯಾವ ದಿನ ಒಂದು ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಗಂಡ ಮಾತು ಕಡಿಮೆಯ ಮನುಷ್ಯ, ದಿನವಿಡೀ ಹಿಪ್ಪುನೇರಳೆ ತೋಟದಲ್ಲಿ. ಮನೆ ನಡೆಸುವವಳು ಅತ್ತೆ.

ತಾಯಿಯನ್ನು ಒಬ್ಬಳೇ ಕೂರಿಸಿಕೊಂಡು ಪ್ರಶ್ನೆ ಕೇಳಬೇಕೆಂಬುದು ನಮ್ಮ ನಿಯಮ. ನಾನು ಹೋದ ದಿನ ಹುಳು ಹಣ್ಣಾಗಿ ಗೂಡು ಕಟ್ಟಲು ನಾಲ್ಕೈದು ದಿನ ಬಾಕಿಯಿತ್ತು. ಆಗ ಹುಳು ಸೊಪ್ಪು ಮೇಯುವ ಸದ್ದು ಮಳೆಯಂತೆ ಹೊರಗೆ ಕೇಳುತ್ತದೆ. ಸೊಪ್ಪು ಹಾಕುವವರು ಬಿಟ್ಟು ಬರುವ ಹಾಗಿಲ್ಲ, ಹೊರಗಿನವರು ರೋಗ ತಂದಾರೆಂದು ಹುಳುಮನೆಗೆ ಅವರನ್ನು ಬಿಡುವ ಹಾಗಿಲ್ಲ. ಚಿಂತಾಮಣಿಯ ಬಸ್ಸಿಗೆ ಅರ್ಧ ಗಂಟೆಯಿತ್ತು. ನಾನು ಜಗಲಿಯ ಮೇಲೆ ನಿಂತು ಬಾಗಿಲಿನಿಂದಲೇ, ಒಳಗಿದ್ದ ತಾಯಿಯನ್ನು ಡಾಕ್ಟರ ದನಿಯಲ್ಲಿ ಕೂಗಿ ಕೇಳಿದೆ. ಪಕ್ಕದಲ್ಲಿ ಅತ್ತೆ, ಅವಳ ತೊಡೆಯ ಮೇಲೆ ಹುಡುಗಿ.

“ಗರ್ಭಿಣಿ. ಆಗಿದ್ದಾಗ. ಹುಳುಮನೆ ತೊಳೆಯೋ. ಔಷಧಿ. ಹೊಡೆದಿದ್ದೀರಾ. ಹೌದಾ, ಇಲ್ವಾ, ಗೊತ್ತಿಲ್ವಾ?”

ಹುಡುಗಿ ಬಿದ್ದು ಬಿದ್ದು ನಕ್ಕಳು. “ಇನ್ನೊಂದ್ ಸಲ ಮಾಡು.”

ಒಳಗಿನಿಂದ ದನಿ ಬಂತು: “ಹೌದು.”

“ಎಷ್ಟು. ತಿಂಗಳವರೆಗೆ?”

“ಏಳು ತುಂಬೋವರ್ಗೂ ಹೊಡ್ದಿದ್ದೀನಿ.”

ನಾನು ಚೌಕಕ್ಕೆ ಗುರುತು ಹಾಕಿದೆ. ಅತ್ತೆಯೂ ಅಲ್ಲಿಯವರೆಗೆ ನಗುತ್ತಿದ್ದಳು. ಅವಳ ನಗು ಎಲ್ಲಿ ನಿಂತಿತೆಂದು ಎಲ್ಲರ ಗಂಟಲು ಕದಿಯುವ ನನ್ನ ಕಿವಿಗೆ ಬೀಳಲಿಲ್ಲ. ಕಾಫಿ ಕುಡಿದು ಬಸ್ಸು ಹಿಡಿದೆ.

ಮುಂದಿನ ತಿಂಗಳು ಚಿಕ್ಕ ಫಾರಂ ತುಂಬಲು ಫೋನು ಮಾಡಿದೆ. ಎತ್ತಿದವಳು ತಾಯಿ. ಹಿಂದೆ ರೈಲಿನ ಸದ್ದು.

“ಎಲ್ಲಿದ್ದೀರಾ ಅಕ್ಕ? ಪಾಪು ಹೆಂಗವ್ಳೆ?”

“ಗೌರಿಬಿದನೂರಲ್ಲಿ, ತವರಲ್ಲಿದ್ದೀನಿ. ಪಾಪು ಅಲ್ಲೇ ಅವ್ಳೆ. ಕಳಿಸ್ಲಿಲ್ಲ.”

“ಮತ್ತೆ ಮಾತ್ರೆ?”

ಅವಳು ಮಾತ್ರೆಯದು ಬಿಟ್ಟು ಮೊದಲಿನಿಂದ ಹೇಳಿದಳು. ನಾನು ಬಂದುಹೋದ ದಿನವೇ ಅತ್ತೆ ಶುರು ಮಾಡಿದ್ದಳಂತೆ. “ಆಸ್ಪತ್ರೆಯೋರೇ ಹುಡುಕ್ಕೊಂಡ್ ಬಂದು ಕೇಳವ್ರೆ, ಅವ್ರೇನು ಸುಮ್‌ಸುಮ್ನೆ ಕೇಳ್ತಾರಾ? ಹೊಟ್ಟೇಲಿದ್ದಾಗ್ಲೇ ಮಗೀಗೆ ವಿಷ ಹಾಕ್ದೋಳು ನೀನು.” ಊರಲ್ಲೂ ಅದೇ ಮಾತಾಯಿತು. ಹುಳು ಗೂಡು ಕಟ್ಟಿದ ಮಾರನೆಯ ದಿನ ಅವಳನ್ನು ಬಸ್ಸು ಹತ್ತಿಸಿದರು.

ನಾನು ಅದೇ ದಿನ ಹಳ್ಳಿಗೆ ಹೋದೆ. ಹುಡುಗಿ ಅಂಗಳದಲ್ಲಿ ಆಡುತ್ತಿದ್ದಳು, ಡಾಕ್ಟರ ದನಿ ಮಾಡೆಂದು ಕೈ ಹಿಡಿದು ಎಳೆದಳು. ಕ್ಯಾಲೆಂಡರಿನ ಗೆರೆಗಳು ಮೂರು ವಾರದ ಹಿಂದೆ ನಿಂತಿದ್ದವು. ಅತ್ತೆಯನ್ನು ಕೇಳಿದೆ.

“ಅಜ್ಜಿ, ಮಾತ್ರೆ ಯಾಕೆ ನಿಲ್ಲಿಸಿದ್ರಿ?”

“ಯಾವ್ದು ಅರ್ಧ, ಯಾವ್ದು ಒಂದು, ನಂಗೇನ್ ಗೊತ್ತು ನಾಯನಾ? ಮಗು ಆಡ್ಕೊಂಡೈತೆ, ಮುದ್ದೆ ತಿಂತೈತೆ. ಕೈವಾರದ ಗುಡೀಗೆ ಕರ್ಕೊಂಡೋಗಿ ಬಂದಿದ್ದೀನಿ.”

ನಾನು ಕೂತು ಹೇಳಿದೆ. ಈ ಕಾಯಿಲೆ ಯಾಕೆ ಬರುತ್ತದೆಂದು ಡಾಕ್ಟರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಕೇಳುತ್ತಿದ್ದೇವೆ, ನಿಮ್ಮ ಸೊಸೆಯದು ತಪ್ಪೆಂದು ಯಾರೂ ಹೇಳಿಲ್ಲ. ಅಜ್ಜಿ ನನ್ನನ್ನೇ ನೋಡಿದಳು.

“ಇದ್ಯಾರ ದನಿ ನಾಯನಾ? ಆವತ್ತು ಡಾಕ್ಟ್ರದು ಮಾಡ್ದೆ. ಇವತ್ತು ಯಾರ್ದು ಮಾಡ್ತಿದ್ದೀಯಾ?”

ನನ್ನದೇ ಎಂದೆ. ಅವಳು ನಂಬಲಿಲ್ಲ. ನಂಬಲು ನಾನೇನೂ ಉಳಿಸಿರಲಿಲ್ಲ.

ಕೊನೆಗೆ ಚೀಲದಿಂದ ಖಾಲಿ ಫಾರಂ ಒಂದನ್ನು ತೆಗೆದೆ. “ಅಜ್ಜಿ, ನಿಮ್ಗೂ ಕೇಳ್ಲಾ? ನಿಮ್ಮ ಮಗ ಹೊಟ್ಟೇಲಿದ್ದಾಗ ಹುಳುಮನೇಗೆ ಔಷಧಿ ಹೊಡೀತಿದ್ದೋರು ಯಾರು?”

“ಇನ್ಯಾರು, ನಾನೇ. ನಮ್ಮತ್ತೆ ಏನು ಕೂರ್ಸಿ ಉಣ್ಣಿಸ್ತಿದ್ಲಾ?”

“ತೋಟಕ್ಕೆ?”

“ಅದೂ ನಾನೇ. ಬರಿಗೈಲಿ ಕಲಸ್ತಿದ್ದೆ.”

“ಎಲ್ಲೀವರ್ಗೂ?”

“ನೋವು ಬರೋ ದಿನ…” ಎಂದವಳು ಅಲ್ಲಿಗೇ ನಿಲ್ಲಿಸಿದಳು. ತೋಟದಿಂದ ಅವಳ ಮಗ ಸೊಪ್ಪಿನ ಹೊರೆ ಹೊತ್ತುಕೊಂಡು ಬರುತ್ತಿದ್ದ, ಎತ್ತಿನಂತಹ ಆಳು. ಅಜ್ಜಿ ಅವನನ್ನೇ ನೋಡುತ್ತಿದ್ದಳು. ನಾನು ಯಾವ ಚೌಕಕ್ಕೂ ಗುರುತು ಹಾಕಲಿಲ್ಲ. ಮಾರನೆಯ ಬೆಳಿಗ್ಗೆ ಅವಳೇ ಗೌರಿಬಿದನೂರಿಗೆ ಹೋಗಿ ಸೊಸೆಯನ್ನು ಕರೆತಂದಳು.

ಆಫೀಸಿನಲ್ಲಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಡಾಕ್ಟರು ಬೈದರು. ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಮೊದಲು ಬೈದು, ಅಜ್ಜಿಯನ್ನು ಕೇಳಿದ್ದಕ್ಕೂ ಬೈದರು. “ಒಬ್ಬಳು. ಅಜ್ಜಿ. ಸಂಶೋಧನೆ. ಅಲ್ಲಪ್ಪ.” ಆ ಔಷಧಿ ತಪ್ಪಿತಸ್ಥ ಅಲ್ಲವೆಂದೂ ಅವರು ಹೇಳುವಂತಿರಲಿಲ್ಲ.

ಹುಡುಗಿಯನ್ನು ಆಸ್ಪತ್ರೆಗೆ ಕರೆತಂದು ಪರೀಕ್ಷೆ ಮಾಡಿದಾಗ ಕಾಯಿಲೆ ಮರಳಿ ಬಂದಿತ್ತು. ಮಾತ್ರೆ ನಿಂತ ಮೂರು ವಾರದಿಂದಲೇ ಹೀಗಾಯಿತಾ ಎಂದು ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಇರಬಹುದು. ಮಾತ್ರೆ ತಪ್ಪದೆ ತಗೊಂಡೋರಿಗೂ ಬರುತ್ತೆ. ಗೊತ್ತಿಲ್ಲ.” ಮನೆಮನೆಗೆ ಹೊತ್ತುಕೊಂಡು ತಿರುಗಿದ ಆ ಮೂರನೆಯ ಚೌಕದೊಳಗೆ ಕೂರುವುದು ಹೇಗಿರುತ್ತದೆಂದು ಆವತ್ತು ತಿಳಿಯಿತು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ತಾಯಿ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

“ಆ ಹಾಳೇಲಿ ನಾನು ಹೌದು ಅಂದಿದ್ನಲ್ಲ, ಅದನ್ನ ಇಲ್ಲ ಅಂತ ತಿದ್ದಿಬಿಡಿ.”

“ಆಗಲ್ಲ ಅಕ್ಕ. ನೀವು ನಿಜ ಹೇಳಿದ್ರೇನೇ ನಾಳೆ ಯಾವ್ದಾದ್ರೂ ಮಗೀಗೆ…”

“ನಿಜ ಹೇಳಿದ್ದಕ್ಕೇ ಅಲ್ವಾ ಅವ್ರು ನನ್ನ ಬಸ್ ಹತ್ತಿಸಿದ್ದು?”

ನಾನು ತಿದ್ದಲಿಲ್ಲ. ಆ ಹೌದು ಇವತ್ತಿಗೂ ಆ ಫಾರಂನಲ್ಲಿದೆ. ಈಗ ನಾನು ಹುಳು ಸಾಕುವ ಮನೆಗಳಿಗೆ ಗೂಡು ಬಿಡಿಸಿದ ಮೇಲೆಯೇ ಹೋಗುತ್ತೇನೆ, ಬಾಗಿಲು ಹಾಕಿಕೊಂಡು ತಾಯಿಯನ್ನು ಮೆಲ್ಲಗೆ ಕೇಳುತ್ತೇನೆ, ನನ್ನ ರೇಷನ್ ಅಕ್ಕಿ ದನಿಯಲ್ಲಿ.

ಹೋದ ವಾರ ಹುಡುಗಿಯನ್ನು ನೋಡಲು ಹೋಗಿದ್ದೆ. ಸೋಂಕು ತಗುಲಬಾರದೆಂದು ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಗುಂಗುರು ಕೂದಲು ಮತ್ತೆ ಉದುರಿದೆ. ಗಾಜಿನ ಬಾಗಿಲು ಒಂದಿಷ್ಟು ತೆರೆದಿತ್ತು. ಮಂಚದ ಮೇಲಿಂದಲೇ ನನ್ನನ್ನು ಕಂಡು, ಮೂಗು ಹಿಡಿದುಕೊಂಡು ಶುರು ಮಾಡಿದಳು. ಡಾಕ್ಟರದ್ದಲ್ಲ, ಡಾಕ್ಟರ ದನಿ ಮಾಡುವ ನನ್ನದು.

“ನಾನು. ಮನೆಗೆ. ಹೋಗ್ತೀನಾ. ಹೌದಾ, ಇಲ್ವಾ, ಗೊತ್ತಿಲ್ವಾ?”

ಪಕ್ಕದಲ್ಲಿ ಅವಳ ತಾಯಿ ತಲೆ ಎತ್ತಿ ನನ್ನ ಬಾಯಿಯನ್ನೇ ನೋಡಿದಳು. ನಾನು ಏನೋ ಹಾಸ್ಯ ಹೇಳಲು ಹೋದೆ.

“ಹಂಗಲ್ಲ,” ಎಂದಳು ಹುಡುಗಿ. “ಮೂರ್ರಲ್ಲಿ ಒಂದು ಹೇಳ್ಬೇಕು.”

“ಗೊತ್ತಿಲ್ಲ ಕಣಮ್ಮ,” ಎಂದೆ.

ಅವಳು ಹೊದಿಕೆಯ ಮೇಲೆ ಬೆರಳಿನಿಂದ ಒಂದು ಗುರುತು ಹಾಕಿಕೊಂಡು, ಮುಂದಿನ ಪ್ರಶ್ನೆ ಯೋಚಿಸತೊಡಗಿದಳು.